ಭಾವನ ದೇಹ ಜುಬೈಲಿನಿಂದ ಬಜ್ಪೆಗೆ ಬಂದ ದಾರಿ

ನಮ್ಮ ಕುಂದಾಪುರ, ಬೈಂದೂರು ಕಡೆ ಗಲ್ಫಿಗೆ ಒಬ್ಬರನ್ನಾದರೂ ಕಳಿಸದ ಕುಟುಂಬ ಅಪರೂಪ. ವೀಸಾ ಹೇಗೆ, ಮೆಡಿಕಲ್ ಎಲ್ಲಿ, ಟಿಕೆಟ್ ಯಾವಾಗ ಅಗ್ಗ ಅಂತ ಕೇಳಿದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರೂ ಹೇಳುತ್ತಾರೆ. ಅಲ್ಲಿ ಯಾರಾದರೂ ತೀರಿಕೊಂಡರೆ ಏನು ಮಾಡಬೇಕು ಅಂತ ಕೇಳಿ ನೋಡಿ. "ಎಂಬಸಿಗೆ ಹೇಳಿ" ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಎಂಬಸಿಗೆ ಹೇಳಿದ ಮೇಲೆ ಏನೇನಾಗುತ್ತದೆ ಅನ್ನುವುದು ನಮಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಈ ಗತಿ ಯಾರಿಗೂ ಬಾರದಿರಲಿ, ಬಂದರೆ ಒಂದೆರಡು ದಿನವಾದರೂ ಉಳಿಯಲಿ.

ಭಾವ ಸೌದಿಯ ಜುಬೈಲಿನಲ್ಲಿ ಎಸಿ ಮೆಕ್ಯಾನಿಕ್. ಹನ್ನೊಂದು ವರ್ಷ ಒಂದೇ ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕರ ಕೈಕೆಳಗೆ ದುಡಿದವರು. ಬಿಪಿ ಇತ್ತು, ಮಾತ್ರೆ ತೆಗೆದುಕೊಳ್ಳುತ್ತಿದ್ದರು. ರಾತ್ರಿ ಅಕ್ಕನ ಹತ್ತಿರ ವಿಡಿಯೋ ಕಾಲ್‌ನಲ್ಲಿ ಮಾತಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಸುದ್ದಿ ಹೇಳಿದ್ದು ಅವರ ರೂಮಿನಲ್ಲಿದ್ದ ಬಿಹಾರದ ಹುಡುಗ, ನನ್ನ ವಾಟ್ಸಾಪಿಗೆ. ವಿದೇಶದಲ್ಲಿ ಒಬ್ಬ ಪ್ರಜೆ ಸತ್ತರೆ ಅಲ್ಲಿನ ಅಧಿಕಾರಿಗಳು ಅವನ ದೇಶದ ದೂತಾವಾಸಕ್ಕೆ ತಡಮಾಡದೆ ತಿಳಿಸಬೇಕು ಎಂದು 1963ರ ವಿಯೆನ್ನಾ ಒಪ್ಪಂದದಲ್ಲಿದೆ. ಆದರೆ ನಮ್ಮ ವಿಷಯದಲ್ಲಿ ರಿಯಾದಿನ ರಾಯಭಾರ ಕಚೇರಿಗೆ ಭಾವ ಹೋದ ಸುದ್ದಿ ಮುಟ್ಟಿಸಿದ್ದು ನಾವೇ. ಹಾಗಾಗಿ ಅಲ್ಲಿಂದಲೇ ಯಾರಾದರೂ ಫೋನ್ ಮಾಡುತ್ತಾರೆ ಅಂತ ಕಾದು ಕೂರಬೇಡಿ.

ಮೊದಲು ಮಾಡಿದ್ದು ಮದದ್ ಪೋರ್ಟಲಿನಲ್ಲಿ ದೂರು ದಾಖಲಿಸುವ ಕೆಲಸ. ವಿದೇಶಾಂಗ ಸಚಿವಾಲಯ 2015ರಲ್ಲಿ ಶುರುಮಾಡಿದ ವ್ಯವಸ್ಥೆ ಇದು. ಮನೆಯವರು ಯಾರು ಬೇಕಾದರೂ ತಮ್ಮ ಮೊಬೈಲ್ ನಂಬರಿನಿಂದ ನೋಂದಾಯಿಸಿ ಹಾಕಬಹುದು. ಮೃತದೇಹ ಸಾಗಣೆ ಅನ್ನುವ ವಿಭಾಗವೇ ಬೇರೆ ಇದೆ. ಭಾವನ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ಇಕಾಮಾದ (ಸೌದಿಯ ವಾಸದ ಪರವಾನಗಿ ಚೀಟಿ) ಫೋಟೋ, ಅಕ್ಕನ ಆಧಾರ್ ಇಷ್ಟನ್ನು ಏರಿಸಿದೆ. ಪಾಸ್‌ಪೋರ್ಟ್ ಪ್ರತಿ ನಮ್ಮಲ್ಲಿದ್ದದ್ದು, ಮಗಳ ಸ್ಕಾಲರ್‌ಶಿಪ್ ಅರ್ಜಿಗೆಂದು ಅಕ್ಕ ಒಮ್ಮೆ ತರಿಸಿಕೊಂಡಿದ್ದಳು, ಅದರಿಂದ. ನಿಮ್ಮ ಮನೆಯವರು ಹೊರಗಿದ್ದರೆ ಇವತ್ತೇ ಪಾಸ್‌ಪೋರ್ಟ್, ಇಕಾಮಾ ಎರಡರ ಫೋಟೋ ತರಿಸಿ ಇಟ್ಟುಕೊಳ್ಳಿ. ಕಾರಣ ಕೇಳಿದರೆ ಏನಾದರೂ ಹೇಳಿ.

ದೂರಿಗೆ ಒಂದು ನಂಬರ್ ಬರುತ್ತದೆ. ಆಮೇಲೆ ಯಾರ ಹತ್ತಿರ ಮಾತಾಡಿದರೂ ಆ ನಂಬರಿನಿಂದಲೇ ಮಾತು ಶುರು. ರಿಯಾದಿನ ಕಚೇರಿಯ ಸಮುದಾಯ ಕಲ್ಯಾಣ ವಿಭಾಗದವರ ಜತೆ ಅದೇ ದಿನ ಫೋನಿನಲ್ಲಿ ಮಾತಾಡಿದೆ. ಹಿಂದಿ ನಡೆಯುತ್ತದೆ. ನನ್ನ ಹಿಂದಿ ಅಷ್ಟಕ್ಕಷ್ಟೆ, ಆದರೂ ಆ ಕಡೆಯವರು ಸಮಾಧಾನದಿಂದ ಕೇಳಿಸಿಕೊಂಡರು. ಅವರು ಹೇಳಿದ್ದರಲ್ಲಿ ನನಗೆ ಜೀರ್ಣವಾಗಲು ಹೊತ್ತು ಹಿಡಿದದ್ದು ಒಂದೇ: ದೇಹವನ್ನು ಕಳಿಸುವವರು ಅವರಲ್ಲ. ಕಳಿಸಬೇಕಾದದ್ದು ಕೆಲಸ ಕೊಟ್ಟ ಕಂಪನಿ. ಸೌದಿ ಕಾರ್ಮಿಕ ಕಾಯ್ದೆಯ 40ನೇ ವಿಧಿಯ ಪ್ರಕಾರ ದೇಹವನ್ನು ಸಿದ್ಧಪಡಿಸಿ ಊರಿಗೆ ಮುಟ್ಟಿಸುವ ಖರ್ಚು ಮಾಲೀಕನದ್ದು. ಮನೆಯವರು ಅಲ್ಲೇ ಮಣ್ಣು ಮಾಡಲು ಒಪ್ಪಿದರೆ ಅದು ತಪ್ಪುತ್ತದೆ. ಎಂಬಸಿಯ ಕೆಲಸ ಮೂರು: ಕಂಪನಿಯನ್ನು ಎಚ್ಚರಿಸುವುದು, ಮನೆಯವರ ಒಪ್ಪಿಗೆ ಪತ್ರ ನೋಡಿ ನಿರಾಕ್ಷೇಪಣಾ ಪತ್ರ ಕೊಡುವುದು, ಪಾಸ್‌ಪೋರ್ಟ್ ರದ್ದು ಮಾಡಿ ಮರಣವನ್ನು ತಮ್ಮ ಪುಸ್ತಕದಲ್ಲಿ ನೋಂದಾಯಿಸುವುದು. ನಮ್ಮಿಂದ ಒಪ್ಪಿಗೆ ಪತ್ರ ಹೋಗದೆ ಅಲ್ಲಿ ಒಂದು ಕಡ್ಡಿಯೂ ಅಲ್ಲಾಡುವುದಿಲ್ಲ.

ಆ ಪತ್ರದಲ್ಲಿ ಮೊದಲ ಸಾಲೇ, ದೇಹ ಊರಿಗೆ ಬೇಕೋ, ಅಲ್ಲೇ ದಫನಕ್ಕೆ ಒಪ್ಪುತ್ತೀರೋ ಎಂಬುದು. ಬ್ಯಾರಿ ಸಮುದಾಯದ ನಮ್ಮ ನೆರೆಯವರೊಬ್ಬರು ಅಲ್ಲಿ ತೀರಿಕೊಂಡಾಗ ಅವರ ಮನೆಯವರು ಅಲ್ಲೇ ದಫನಕ್ಕೆ ಒಪ್ಪಿ, ಎಲ್ಲ ಬೇಗ ಮುಗಿದಿತ್ತು. ಸೌದಿಯಲ್ಲಿ ದಹನಕ್ಕೆ ಅವಕಾಶವಿಲ್ಲ. ಅಕ್ಕ ಸುಮ್ಮನೆ ಕೂತಿದ್ದಳು. ಭಾವನ ಅಮ್ಮ ಮಾತ್ರ "ಮಗನ ಮುಖ ಒಂದ್ಸಲ ಕಾಣ್ಕ್" ಅಂದರು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಪತ್ರ ಅಂದರೆ ಪವರ್ ಆಫ್ ಅಟಾರ್ನಿ. ದೇಹವನ್ನು ಬಿಡಿಸಿಕೊಂಡು ಕಳಿಸಲು, ಬಾಕಿ ಹಣ ವಸೂಲಿಗೆ ಓಡಾಡಲು ಅಲ್ಲಿರುವ ಒಬ್ಬರಿಗೆ ಮನೆಯವರು ಕೊಡುವ ಅಧಿಕಾರ. ಯಾರ ಹೆಸರಿಗೆ ಬರೆಯಬೇಕು ಅನ್ನುವುದೇ ಮೊದಲ ತೊಡಕು. ಕಂಪನಿಯ ಪಿಆರ್‌ಒ (ಸರ್ಕಾರಿ ಕಚೇರಿಗಳ ಕಾಗದ ನೋಡಿಕೊಳ್ಳುವವರು) ಹೆಸರಿಗೆ ಬರೆಯಿರಿ ಅಂತ ಕಂಪನಿಯವರು ಹೇಳಿದರು. ಭಾವನ ಗೆಳೆಯರು ಬೇಡ ಅಂದರು. ಹಣದ ವಿಷಯದಲ್ಲಿ ಕೊಡಬೇಕಾದವನಿಗೇ ವಸೂಲಿಯ ಅಧಿಕಾರ ಕೊಟ್ಟ ಹಾಗಾಗುತ್ತದೆ ಅನ್ನುವುದು ಅವರ ವಾದ. ಸರಿಯಾದ ಮಾತೇ. ಕೊನೆಗೆ ದಮ್ಮಾಮಿನಲ್ಲಿರುವ ಉಳ್ಳಾಲ ಕಡೆಯ ಒಬ್ಬರ ಹೆಸರಿಗೆ ಬರೆದೆವು. ಇಂಥ ಕೆಲಸಕ್ಕೆ ಓಡಾಡುವ ಸಮಾಜಸೇವಕರು ಅಲ್ಲಿ ಹಲವರಿದ್ದಾರೆ, ಎಂಬಸಿಯವರಿಗೂ ಪರಿಚಿತರು. ಇವರ ಹೆಸರನ್ನು ಎಂಬಸಿಯಲ್ಲೇ ಕೇಳಿ ಖಾತ್ರಿ ಮಾಡಿಕೊಂಡೆವು. ನಾವು ಭಾಯಿ ಅಂತಲೇ ಕರೆಯುತ್ತಿದ್ದೆವು. "ಕಾಗದ ನೀವು ಕಳಿಸಿ, ಓಡಾಟ ನನಗಿರಲಿ" ಅಂದರು. ಪೆಟ್ರೋಲಿಗೂ ಒಂದು ರಿಯಾಲ್ ತೆಗೆದುಕೊಳ್ಳಲಿಲ್ಲ.

ಸಹಿ ಯಾರ್ಯಾರದ್ದು ಬೇಕು? ಹೆಂಡತಿಯದ್ದು ಸಾಕು ಅಂದುಕೊಂಡಿದ್ದೆವು. ಸಾಲದು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಮಕ್ಕಳಂತೆ ತಾಯಿಯೂ ಮೊದಲ ವರ್ಗದ ವಾರಸುದಾರಳು. ತಂದೆ ಆ ಸಾಲಿನಲ್ಲಿ ಬರುವುದಿಲ್ಲ, ಭಾವನ ಅಪ್ಪ ಹೇಗೂ ಇಲ್ಲ. ಅಮ್ಮನಿಗೆ ಸಹಿ ಬರುವುದಿಲ್ಲ, ಹೆಬ್ಬೆಟ್ಟು. ಹಾಗಾಗಿ ಅವರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಕುಂದಾಪುರದ ನೋಟರಿಯ ಮುಂದೆ ಕರೆದೊಯ್ಯಬೇಕಾಯಿತು. ಮಗ ಹೋದ ಎರಡನೇ ದಿನ ವಕೀಲರ ಕಚೇರಿಯ ಬೆಂಚಿನಲ್ಲಿ ಆ ಮುದುಕಿಯನ್ನು ಕೂರಿಸಿದ್ದು ಈಗಲೂ ನೆನಪಾಗುತ್ತದೆ. ಬೆರಳಿನ ಶಾಯಿ ಒರೆಸಿಕೊಳ್ಳಲು ಸೆರಗನ್ನೇ ಹಿಡಿದಿದ್ದರು. ಮಕ್ಕಳಿಬ್ಬರೂ ಅಪ್ರಾಪ್ತರು, ಅವರ ಪರವಾಗಿ ಅಕ್ಕನೇ ಸಹಿ ಹಾಕಿದಳು.

ಹೆಸರಿನ ಗೊಂದಲ ಬೇರೆ. ಪಾಸ್‌ಪೋರ್ಟಿನಲ್ಲಿ ಭಾವನ ಹೆಸರಿನ ಹಿಂದೆ ಮನೆತನದ ಹೆಸರು ಪೂರ್ತಿ ಇದೆ, ಆಧಾರಿನಲ್ಲಿ ಬರೀ ಇನಿಶಿಯಲ್. ಅಕ್ಕನ ಆಧಾರಿನಲ್ಲಿ ಇನ್ನೂ ಅಪ್ಪನ ಹೆಸರೇ ಇದೆ. ಮದುವೆ ಆದದ್ದು ದೇವಸ್ಥಾನದಲ್ಲಿ, ನೋಂದಣಿ ಮಾಡಿಸಿರಲಿಲ್ಲ. ಹೆಂಡತಿ ಅನ್ನುವುದಕ್ಕೆ ದಾಖಲೆ ಏನು? ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಸಂಗಾತಿಯ ಹೆಸರು ಇದ್ದದ್ದು ನಮ್ಮನ್ನು ಉಳಿಸಿತು. ರಿನ್ಯೂ ಮಾಡುವಾಗ ಭಾವ ಸೇರಿಸಿದ್ದರು. ಜತೆಗೆ ರೇಷನ್ ಕಾರ್ಡ್, ಮತ್ತು ಎರಡೂ ಹೆಸರು ಒಬ್ಬರದ್ದೇ ಎಂಬ ಅಫಿಡವಿಟ್. ಸ್ಟ್ಯಾಂಪ್ ಪೇಪರ್, ಟೈಪಿಂಗ್, ನೋಟರಿ ಎಲ್ಲ ಸೇರಿ ಸಾವಿರ ಚಿಲ್ಲರೆ. ಸ್ಕ್ಯಾನ್ ಮಾಡಿ ಇಮೇಲಿನಲ್ಲಿ ಕಳಿಸಿದ ಪ್ರತಿಯ ಮೇಲೇ ದೇಹದ ಕೆಲಸ ಮುಂದುವರಿಯಿತು. ಹಣದ ಕೆಲಸಕ್ಕೆ ಅದು ಸಾಲದು, ಅದನ್ನು ಆಮೇಲೆ ಹೇಳುತ್ತೇನೆ.

ಇಷ್ಟಾದ ಮೇಲೆ ಸರಸರ ನಡೆಯುತ್ತದೆ ಅಂದುಕೊಂಡೆವು. ನಡೆಯಲಿಲ್ಲ. ಭಾವನ ಇಕಾಮಾ ಇದ್ದದ್ದು ದಮ್ಮಾಮಿನ ಒಂದು ಮ್ಯಾನ್‌ಪವರ್ ಕಂಪನಿಯ ಹೆಸರಲ್ಲಿ, ದಿನನಿತ್ಯ ದುಡಿಯುತ್ತಿದ್ದದ್ದು ಜುಬೈಲಿನ ಇನ್ನೊಂದು ಕಂಪನಿಯ ಸೈಟಿನಲ್ಲಿ. ಇವರು ಅವರನ್ನು ಕೇಳಿ ಅನ್ನುತ್ತಾರೆ, ಅವರು ಇವರನ್ನು. ಫೋನ್ ಎತ್ತಿದವರು ಎಲ್ಲರೂ ಸಂತಾಪ ಹೇಳುತ್ತಾರೆ, ಖರ್ಚಿನ ಮಾತು ಬಂದ ಕೂಡಲೇ "ಮ್ಯಾನೇಜರ್ ಮೀಟಿಂಗ್‌ನಲ್ಲಿದ್ದಾರೆ". ನನಗೆ ರಕ್ತ ಕುದಿಯುತ್ತಿತ್ತು. ಭಾಯಿ ಮಾತ್ರ ತಣ್ಣಗೆ, ಇಕಾಮಾದಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಲ್ಲಿ ಅವರೇ ಮಾಲೀಕರು, ಬೇರೆಯವರ ಹಿಂದೆ ಹೋಗಿ ದಿನ ಕಳೆಯಬೇಡಿ ಅಂದರು. ಮದದ್‌ನಲ್ಲಿ ಅದನ್ನೇ ಬರೆದು ಜ್ಞಾಪನೆ ಹಾಕಿದೆವು. ಎಂಬಸಿಯಿಂದ ಮ್ಯಾನ್‌ಪವರ್ ಕಂಪನಿಗೆ ಪತ್ರ ಹೋಯಿತು. ಪತ್ರ ಹೋದ ಮೇಲೆ ಅವರ ಪಿಆರ್‌ಒ ತಾನಾಗಿ ಫೋನ್ ಮಾಡಿದ. ರಾಯಭಾರ ಕಚೇರಿಗೆ ಅಲ್ಲಿನ ಕಂಪನಿಯ ಕಿವಿ ಹಿಂಡುವ ಅಧಿಕಾರವೇನೂ ಇಲ್ಲ. ಆದರೆ ಲೆಟರ್‌ಹೆಡ್ಡಿಗೆ ಬೆಲೆ ಇದೆ.

ಇನ್ನೊಂದು ಸಂಗತಿ ಕ್ಯಾಲೆಂಡರಿನದ್ದು. ಸೌದಿಯಲ್ಲಿ ಶುಕ್ರವಾರ, ಶನಿವಾರ ರಜೆ. ನಮ್ಮಲ್ಲಿ ಭಾನುವಾರ, ಜತೆಗೆ ಎರಡನೇ ನಾಲ್ಕನೇ ಶನಿವಾರ. ಎರಡೂ ಕಡೆ ಕಚೇರಿ ತೆರೆದಿರುವುದು ಸೋಮವಾರದಿಂದ ಗುರುವಾರದ ತನಕ ಮಾತ್ರ. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಿ ಯಾರೂ ಎತ್ತುವುದಿಲ್ಲ ಅಂತ ಬೈದುಕೊಂಡು ಪ್ರಯೋಜನವಿಲ್ಲ. ಗುರುವಾರ ಮಧ್ಯಾಹ್ನ ತಪ್ಪಿದ ಸಹಿ ಭಾನುವಾರಕ್ಕೇ ಸಿಗುವುದು. ದೆಹಲಿಯಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಅಂತ ಒಂದಿದೆ, ರಿಯಾದಿನಲ್ಲೂ ಅದರ ಕೇಂದ್ರವಿದೆ. ರಜೆಯ ದಿನ ಮನಸ್ಸು ತಡೆಯದೆ ದೆಹಲಿಗೆ ಫೋನ್ ಮಾಡಿದ್ದೆ. ಕೆಲಸ ಮುಂದೆ ಹೋಗಲಿಲ್ಲ, ಆದರೆ ಕಡತ ಎಲ್ಲಿ ನಿಂತಿದೆ ಅಂತ ಹೇಳಿದರು. ಆ ಹೊತ್ತಿಗೆ ಅದೇ ದೊಡ್ಡದು.

ಅಲ್ಲಿನ ಕಡೆಯ ಸರಪಳಿ ಹೀಗೆ. ಭಾವ ತೀರಿಕೊಂಡದ್ದು ರೂಮಿನಲ್ಲಿ, ಆಸ್ಪತ್ರೆಯಲ್ಲಲ್ಲ. ಆದ್ದರಿಂದ ಪೊಲೀಸ್ ವರದಿ, ವೈದ್ಯರ ಪರೀಕ್ಷೆ ಎರಡೂ ಆಗಬೇಕು. ಸಹಜ ಸಾವು ಅಂತ ಬರೆದ ಮೇಲೆ ಆಸ್ಪತ್ರೆಯ ವೈದ್ಯಕೀಯ ವರದಿ. ಅದರ ಮೇಲೆ ಅಲ್ಲಿನ ನಾಗರಿಕ ನೋಂದಣಿ ಕಚೇರಿಯಿಂದ ಅರಬಿಯಲ್ಲಿ ಮರಣ ಪ್ರಮಾಣಪತ್ರ. ಎಂಬಸಿಯ ನಿರಾಕ್ಷೇಪಣಾ ಪತ್ರ, ರದ್ದಾದ ಪಾಸ್‌ಪೋರ್ಟ್. ಜವಾಜಾತ್ ಅಂದರೆ ಅಲ್ಲಿನ ಪಾಸ್‌ಪೋರ್ಟ್ ಇಲಾಖೆಯಿಂದ ಫೈನಲ್ ಎಕ್ಸಿಟ್. ಸತ್ತವರಿಗೂ ದೇಶ ಬಿಡಲು ಎಕ್ಸಿಟ್ ಬೇಕು ಅಂತ ಗೊತ್ತಾದಾಗ ನಗು ಬಂತೋ ಅಳು ಬಂತೋ ಹೇಳಲಾರೆ. ಆಮೇಲೆ ಪೊಲೀಸರಿಂದ ಶವಾಗಾರಕ್ಕೆ ಬಿಡುಗಡೆ ಪತ್ರ, ದೇಹ ಕೆಡದಂತೆ ಮಾಡುವ ಎಂಬಾಮಿಂಗ್, ಪೆಟ್ಟಿಗೆ, ಕಾರ್ಗೋ ಬುಕಿಂಗ್. ಒಂದರ ಪ್ರತಿ ಇಲ್ಲದೆ ಮುಂದಿನದು ಇಲ್ಲ. ಭಾಯಿ ಪ್ರತಿ ಕಾಗದ ಕೈಗೆ ಬಂದ ಕೂಡಲೇ ಫೋಟೋ ಕಳಿಸುತ್ತಿದ್ದರು, ನಾನು ಒಂದೊಂದನ್ನೂ ಪ್ರಿಂಟ್ ತೆಗೆದು ಫೈಲಿಗೆ ಹಾಕುತ್ತಿದ್ದೆ. ಆ ಫೈಲು ಮುಂದೆ ಎಲ್ಲ ಕಡೆ ಬೇಕಾಯಿತು.

ಮನೆಯಲ್ಲಿ ಕಾಯುವುದು ಬೇರೆಯೇ ಹಿಂಸೆ. ದೇಹ ಎದುರಿಗಿಲ್ಲ, ಅಳುವವರು ಬಂದು ಹೋಗುತ್ತಾರೆ, ಒಲೆ ಹೊತ್ತಿಸಬೇಕೋ ಬೇಡವೋ ಗೊತ್ತಿಲ್ಲ. ಸೂತಕ ಯಾವ ದಿನದಿಂದ ಲೆಕ್ಕ ಅಂತ ಊರ ಹಿರಿಯರಲ್ಲಿ ಎರಡು ಪಂಗಡವಾಯಿತು. ಸುದ್ದಿ ಕೇಳಿದ ದಿನದಿಂದ ಅಂತ ಕೆಲವರು, ದಹನದಿಂದ ಅಂತ ಕೆಲವರು. ನಮ್ಮ ಮನೆಗೆ ಬರುವ ಭಟ್ಟರು ದಹನದಿಂದಲೇ ಇಟ್ಟುಕೊಳ್ಳೋಣ, ಅಲ್ಲಿಯ ತನಕ ಮಕ್ಕಳಿಗೆ ಹೊತ್ತು ಹೊತ್ತಿಗೆ ಬಡಿಸಿ ಅಂದರು. ಬೆಳಿಗ್ಗೆ ಅಂಗಳಕ್ಕೆ ಬಂದವರೆಲ್ಲ ಕೇಳುವುದು ಒಂದೇ, "ಇವತ್ತಾರೂ ಬತ್ತಾ?" ಕೇಳುವವರ ಮೇಲೆ ಕೋಪ ಬರುತ್ತಿತ್ತು, ಕೇಳದಿದ್ದವರ ಮೇಲೂ. ಯಾರೋ ಒಬ್ಬ ಫೋನ್ ಮಾಡಿ, ತಾನು ರಿಯಾದಿನಿಂದ, ಇಷ್ಟು ಹಣ ಹಾಕಿದರೆ ಎರಡೇ ದಿನದಲ್ಲಿ ಕಳಿಸುತ್ತೇನೆ ಅಂದ. ಭಾಯಿಗೆ ಹೇಳಿದರೆ, ಇಂಥವರು ಪ್ರತಿ ಸಾವಿನಲ್ಲೂ ಹುಟ್ಟಿಕೊಳ್ಳುತ್ತಾರೆ ಅಂದರು. ಎಂಬಸಿ ಈ ಕೆಲಸಕ್ಕೆ ಯಾರ ಖಾತೆಗೂ ಹಣ ಹಾಕಿ ಅನ್ನುವುದಿಲ್ಲ, ನೆನಪಿರಲಿ.

ಕಾರ್ಗೋ ಬುಕ್ ಆದ ಮೇಲೆ ಏರ್‌ವೇ ಬಿಲ್, ಅಂದರೆ ವಿಮಾನ ಸಾಗಣೆಯ ರಸೀದಿಯ ಪ್ರತಿ ಬಂತು. ಇಲ್ಲಿ ಒಂದು ಮುಖ್ಯ ಮಾತು. ಬಿಲ್ಲಿನಲ್ಲಿ ದೇಹ ಪಡೆಯುವವರು ಅಂತ ಯಾರ ಹೆಸರು ಬರೆದಿದೆಯೋ ಅವರೇ ಮೂಲ ಗುರುತಿನ ಚೀಟಿ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗಬೇಕು. ಅಲ್ಲಿ ಅಭ್ಯಾಸದಂತೆ ಹೆಂಡತಿಯ ಹೆಸರು ಬರೆಯುತ್ತಾರೆ. ಅಕ್ಕನನ್ನು ರಾತ್ರಿಯಲ್ಲಿ ಕಾರ್ಗೋ ಶೆಡ್ಡಿನ ಮುಂದೆ ನಿಲ್ಲಿಸುವುದು ಬೇಡ ಅಂತ ಬುಕಿಂಗಿಗೆ ಮೊದಲೇ ಹೇಳಿ ನನ್ನ ಹೆಸರು ಹಾಕಿಸಿದೆವು. ದೇಹದ ಜತೆ ಯಾರೂ ಬರಲಿಲ್ಲ, ಬರಲೇಬೇಕೆಂಬ ನಿಯಮವೂ ಇಲ್ಲ.

ದಮ್ಮಾಮಿನಿಂದ ಮಂಗಳೂರಿಗೆ ನೇರ ವಿಮಾನ ಇದ್ದದ್ದು ಪುಣ್ಯ. ಬೆಂಗಳೂರಿಗೋ ಮುಂಬೈಗೋ ಬಂದಿದ್ದರೆ ಇನ್ನೊಂದು ಸುತ್ತು. ವಿಮಾನ ನಿಲ್ದಾಣದ ಆರೋಗ್ಯ ಅಧಿಕಾರಿಯ ಅನುಮತಿ ಬೇಕು, ಅದಕ್ಕೆ 2023ರಿಂದ ಇ-ಕೇರ್ ಅನ್ನುವ ಆನ್‌ಲೈನ್ ವ್ಯವಸ್ಥೆ ಬಂದಿದೆ. ಮರಣ ಪ್ರಮಾಣಪತ್ರ, ಎಂಬಾಮಿಂಗ್ ಪ್ರಮಾಣಪತ್ರ, ಎಂಬಸಿಯ ನಿರಾಕ್ಷೇಪಣಾ ಪತ್ರ, ರದ್ದಾದ ಪಾಸ್‌ಪೋರ್ಟಿನ ಪ್ರತಿ ಅಲ್ಲಿ ಮೊದಲೇ ಏರಿಸಿದರೆ ವಿಮಾನ ಇಳಿಯುವ ಹೊತ್ತಿಗೆ ಅನುಮತಿ ಸಿದ್ಧವಿರುತ್ತದೆ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿ ಕಸ್ಟಮ್ಸಿನವರು ತಡಮಾಡಲಿಲ್ಲ. ಕಾಗದ ನೋಡಿದರು, ಸಹಿ ಹಾಕಿಸಿಕೊಂಡರು, ಒಬ್ಬರು ಕುಡಿಯಲು ನೀರು ಕೊಟ್ಟರು. ಆದರೆ ಒಂದು ಮಾತು ಹೇಳಲೇಬೇಕು. ಗಡಿಯಾಚೆ ಕಾಸರಗೋಡಿನವರಿಗೆ ಕೇರಳ ಸರ್ಕಾರ ಹೊರಗಿರುವ ತನ್ನವರಿಗೆಂದು ಮಾಡಿದ ನೋರ್ಕಾ ಸಂಸ್ಥೆಯಿಂದ ಇಂಥ ಹೊತ್ತಿಗೆ ಉಚಿತ ಆಂಬುಲೆನ್ಸ್ ಸಿಗುತ್ತದೆ. ನಾವು ಕುಂದಾಪುರದ ತನಕದ ಬಾಡಿಗೆಯನ್ನು ಚೌಕಾಸಿ ಮಾಡುತ್ತ ನಿಂತಿದ್ದೆವು. ಗಲ್ಫಿನ ದುಡ್ಡಿನಿಂದ ಕರಾವಳಿಯಲ್ಲಿ ಎಷ್ಟು ಮನೆ ಎದ್ದಿವೆ ಅಂತ ಗೊತ್ತಿದ್ದೂ ನಮ್ಮ ಸರ್ಕಾರಕ್ಕೆ ಇದೊಂದು ಹೊಳೆಯದೇ ಹೋದದ್ದು ಏಕೋ.

ಆಂಬುಲೆನ್ಸ್ ಹೇಳುವಾಗ ಪೆಟ್ಟಿಗೆ ಬರುತ್ತದೆ ಅಂತ ಮೊದಲೇ ಹೇಳಿ. ಒಳಗೆ ತಗಡು ಹೊದೆಸಿದ ಮರದ ಪೆಟ್ಟಿಗೆ, ಉದ್ದವೂ ಹೆಚ್ಚು, ಭಾರವೂ ಹೆಚ್ಚು. ನಮ್ಮ ಮನೆಗೆ ರಸ್ತೆಯಿಂದ ತೋಟದ ನಡುವೆ ಕಾಲುದಾರಿ. ಆರು ಜನ ಗಂಡಸರು ಎರಡು ಕಡೆ ಇಳಿಸಿ ಹೊತ್ತು ತಂದರು. ಸ್ಕ್ರೂಡ್ರೈವರ್, ಸುತ್ತಿಗೆ ಇಟ್ಟುಕೊಂಡಿರಿ, ಪೆಟ್ಟಿಗೆ ತೆಗೆಯುವ ಹೊತ್ತಿಗೆ ಹುಡುಕಾಡುವ ಹಾಗಾಗಬಾರದು. ಎಂಬಾಮಿಂಗ್ ಆದ ಮುಖದ ಬಣ್ಣ ಬೇರೆ ಇರುತ್ತದೆ. ಮಕ್ಕಳಿಗೆ ಅದನ್ನು ಮೊದಲೇ ಹೇಳಿಟ್ಟಿದ್ದೆ. ಭಾವನ ಅಮ್ಮನಿಗೆ ಹೇಳುವುದಾಗಲಿಲ್ಲ. ಅವರು ಬಹಳ ಹೊತ್ತು ನೋಡಿ, ಕೂದಲು ಯಾರು ಬಾಚಿದ್ದು ಅಂತ ಕೇಳಿದರು. ಬೆಳಕಿರುವಾಗಲೇ ದಹನ ಮುಗಿಸಿದೆವು.

ಬೊಜ್ಜ, ಅಂದರೆ ಉತ್ತರಕ್ರಿಯೆ ಮುಗಿದ ಮೇಲೆ ಹಣದ ಕಾಗದ ಶುರು. ಇದರಲ್ಲಿ ಆಸೆ ಹುಟ್ಟಿಸುವ ಮಾತು ಬಹಳ ಕೇಳಿಬರುತ್ತವೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ಬರುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು. ಅದು ಅಪಘಾತದ ಸಾವಿಗೆ. ಅದೂ ವಲಸೆ ಅನುಮತಿ ಪಡೆದು ಹೋಗುವ ಇಸಿಆರ್ ಪಾಸ್‌ಪೋರ್ಟಿನವರಿಗೆ ಕಡ್ಡಾಯ, ಎರಡು ವರ್ಷಕ್ಕೆ ಕಂತು 275 ರೂಪಾಯಿ. ಭಾವ ಎಸ್ಸೆಸ್ಸೆಲ್ಸಿ ಪಾಸಾದವರು, ಆ ಅನುಮತಿಯ ಅಗತ್ಯವೇ ಇರಲಿಲ್ಲ, ವಿಮೆಯೂ ಇರಲಿಲ್ಲ. ಸೌದಿಯ ಸಾಮಾಜಿಕ ವಿಮೆ ವಿದೇಶಿ ಕೆಲಸಗಾರರಿಗೆ ಕೆಲಸದ ಅಪಾಯಕ್ಕೆ ಮಾತ್ರ ಅನ್ವಯ, ನಿದ್ದೆಯಲ್ಲಿ ನಿಂತ ಹೃದಯಕ್ಕೆ ಅಲ್ಲ. ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ 2009ರಲ್ಲಿ ಮಾಡಿದ್ದಾರೆ. ಮಾಲೀಕ ಕೈಚೆಲ್ಲಿದಾಗ, ಮನೆಯವರಿಗೂ ಶಕ್ತಿ ಇಲ್ಲದಾಗ ದೇಹ ಸಾಗಿಸುವ ಖರ್ಚನ್ನು ಎಂಬಸಿ ಅದರಿಂದ ಕೊಡಬಹುದು. ನಮ್ಮಲ್ಲಿ ಕಂಪನಿಯೇ ಕೊಟ್ಟದ್ದರಿಂದ ಅದು ಬೇಕಾಗಲಿಲ್ಲ.

ನ್ಯಾಯವಾಗಿ ಸಿಗಬೇಕಾದದ್ದು ಸೇವಾಂತ್ಯದ ಹಣ, ಉಳಿದ ಸಂಬಳ, ತೆಗೆದುಕೊಳ್ಳದ ರಜೆಯ ಹಣ. ಸೇವಾಂತ್ಯದ ಲೆಕ್ಕ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. ಹನ್ನೊಂದು ವರ್ಷಕ್ಕೆ ಎಂಟೂವರೆ ತಿಂಗಳ ಸಂಬಳವಾಯಿತು. ಕಂಪನಿ ಮೊದಲು ಕಳಿಸಿದ ಲೆಕ್ಕದಲ್ಲಿ ಎಲ್ಲ ವರ್ಷಕ್ಕೂ ಅರ್ಧ ತಿಂಗಳು ಹಾಕಿತ್ತು. ಭಾಯಿ ಅದನ್ನು ಹಿಡಿದು ವಾಪಸ್ ಕಳಿಸಿದರು.

ಇದಕ್ಕೆ ವಾರಸುದಾರರ ದಾಖಲೆ ಬೇಕು. ನಾಡಕಚೇರಿಗೆ ವಂಶವೃಕ್ಷಕ್ಕೆ ಅರ್ಜಿ ಹಾಕಿದರೆ, ಪಂಚಾಯತಿನ ಮರಣ ಪ್ರಮಾಣಪತ್ರ ತನ್ನಿ ಅಂದರು. ಪಂಚಾಯತಿನವರು, ಸಾವು ನಮ್ಮ ಗಡಿಯಲ್ಲಿ ಆದದ್ದಲ್ಲ, ಕೊಡಲು ಬರುವುದಿಲ್ಲ ಅಂದರು. ಪಂಚಾಯತಿನವರು ಹೇಳಿದ್ದು ಸರಿ. ಅರಬಿ ಪ್ರಮಾಣಪತ್ರ ತೋರಿಸಿದರೆ ಓದುವವರಿಲ್ಲ. ಇಲ್ಲಿ ಕೈಹಿಡಿದದ್ದು ರಿಯಾದಿನ ಎಂಬಸಿ ಇಂಗ್ಲಿಷಿನಲ್ಲಿ ಕೊಟ್ಟ ಮರಣ ನೋಂದಣಿ ಪ್ರಮಾಣಪತ್ರ. ಎಲ್‌ಐಸಿಗೂ ಬ್ಯಾಂಕಿಗೂ ಅದನ್ನೇ ಕೊಟ್ಟೆವು. ಭಾಯಿ ಹೆಚ್ಚುವರಿ ಪ್ರತಿ ತೆಗೆಸಿ ಪೆಟ್ಟಿಗೆಯ ಕಾಗದಗಳ ಜತೆ ಕಳಿಸಿದ್ದರು, ನೀವೂ ಕೇಳಿ ತೆಗೆಸಿ. ಗ್ರಾಮ ಲೆಕ್ಕಿಗರು ಬಂದು ಮಹಜರು ಮಾಡಿ, ಆರ್‌ಐ (ಕಂದಾಯ ನಿರೀಕ್ಷಕರು) ಸಹಿಯಾಗಿ ವಂಶವೃಕ್ಷ ಸಿಕ್ಕಿತು.

ಹಣಕ್ಕೆ ಬೇರೆ ಪವರ್ ಆಫ್ ಅಟಾರ್ನಿ ಮೂಲಪ್ರತಿಯೇ ಹೋಗಬೇಕು. ನೋಟರಿ, ರಾಜ್ಯದ ಗೃಹ ಇಲಾಖೆ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಕಾಗದ ಹೊರದೇಶದಲ್ಲಿ ನಡೆಯಲು ಹಾಕುವ ದೃಢೀಕರಣ ಮುದ್ರೆ. ಮೊದಲೆಲ್ಲ ಇದರ ಮೇಲೆ ಸೌದಿ ಎಂಬಸಿಯ ಮುದ್ರೆಯೂ ಬೇಕಿತ್ತಂತೆ. ಸೌದಿ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿ, ಅದು 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಮೇಲೆ ಆ ಒಂದು ಮೆಟ್ಟಿಲು ಕಡಿಮೆಯಾಗಿದೆ. ಏಜೆಂಟರು ಇನ್ನೂ ಹಳೆಯ ದರವನ್ನೇ ಹೇಳುತ್ತಾರೆ. ಅಪೊಸ್ಟಿಲ್‌ಗೆ ಸರ್ಕಾರಿ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ, ಅದರ ಮೇಲೆ ಅಧಿಕೃತ ಏಜೆನ್ಸಿಯ ಸೇವಾ ಶುಲ್ಕ. ಬೆಂಗಳೂರಿಗೆ ಹೋಗಿಬರುವ ಬಸ್ಸಿನ ಚಾರ್ಜೇ ಹೆಚ್ಚಾಯಿತು.

ಕಾಗದವೆಲ್ಲ ಹೋಗಿ ಮುಟ್ಟಿವೆ, ಕಂಪನಿ ತಿದ್ದಿದ ಲೆಕ್ಕಕ್ಕೆ ಒಪ್ಪಿದೆ. ಕಂಪನಿ ಎಂಬಸಿಗೆ ಹಣ ಕಟ್ಟಿದರೆ ಅದು ಜಿಲ್ಲಾಧಿಕಾರಿಯ ಮೂಲಕ ವಾರಸುದಾರರಿಗೆ ಹಂಚಿಕೆಯಾಗುತ್ತದೆ ಅಂತ ತಿಳಿಸಿದ್ದಾರೆ. ಹಾಗಾಗಿ ಜಿಲ್ಲಾಧಿಕಾರಿ ಕಚೇರಿ ಇರುವ ಮಣಿಪಾಲದ ರಜತಾದ್ರಿಗೆ ಹೋಗಿ ಅಕ್ಕನದ್ದೂ ಭಾವನ ಅಮ್ಮನದ್ದೂ ಪಾಸ್‌ಬುಕ್ ಪ್ರತಿ ಕೊಟ್ಟು ಬಂದಿದ್ದೇನೆ. ಅಮ್ಮನ ಖಾತೆ ಬಹಳ ದಿನ ವ್ಯವಹಾರವಿಲ್ಲದೆ ನಿಂತುಹೋಗಿತ್ತು, ಅದನ್ನು ಮೊದಲು ಚಾಲ್ತಿ ಮಾಡಿಸಿದೆವು. ನಿಮ್ಮ ಮನೆಯ ಹಿರಿಯರ ಖಾತೆಯ ಕೆವೈಸಿ ಆಗಿದೆಯೋ ಇಲ್ಲವೋ ನೋಡಿಕೊಳ್ಳಿ.